ದಲಾಲಿ ಅಂಗಡಿಯ ಆ್ಯಪ್‌ಗೆ ಬರುವ ಫೋಟೋ, ಚೀಟಿ ಎಲ್ಲಿಡುವುದು: ಸ್ವಂತ ಡಿಸ್ಕೋ, ಕ್ಲೌಡೋ?

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಗೆ ವೆಬ್ ಆ್ಯಪ್ ಮಾಡಿಕೊಡುತ್ತಿದ್ದೀರಿ ಅಂದುಕೊಳ್ಳಿ. ಸೋಮವಾರ, ಗುರುವಾರ ಟೆಂಡರ್. ಗುಮಾಸ್ತರು ಮೊಬೈಲಿನಿಂದ ಪ್ರತಿ ಲಾಟಿಗೆ ಎರಡು ಫೋಟೋ, ತೂಕದ ಚೀಟಿಯ ಒಂದು ಪಿಡಿಎಫ್ ಅಪ್‌ಲೋಡ್ ಮಾಡುತ್ತಾರೆ. ಈ ಫೈಲುಗಳು ಸರ್ವರಿನ ಡಿಸ್ಕಿನಲ್ಲಿರಬೇಕೋ ಕ್ಲೌಡಿನಲ್ಲೋ ಎಂಬುದನ್ನು ಮುಂದೆ ಬದಲಿಸಬಹುದು. ಡೇಟಾಬೇಸಿನಲ್ಲಿ ಏನು ಬರೆದಿಡುತ್ತೀರಿ ಎಂಬುದನ್ನು ಮಾತ್ರ ಮೊದಲ ದಿನವೇ ಸರಿಯಾಗಿ ತೀರ್ಮಾನಿಸಬೇಕು.

ಫೈಲಿನ ಪೂರ್ತಿ ದಾರಿಯನ್ನಾಗಲಿ, ಪೂರ್ತಿ ಯುಆರ್‌ಎಲ್ ಅನ್ನಾಗಲಿ ಅಲ್ಲಿ ಬರೆಯಬೇಡಿ. ಒಂದು ಕೀ ಸಾಕು: ವರ್ಷ, ತಿಂಗಳು, ಅದರ ಮುಂದೆ ಸರ್ವರೇ ಹುಟ್ಟಿಸಿದ ಯುಯುಐಡಿ (ಮತ್ತೊಂದಕ್ಕೆ ಹೊಂದದ ಉದ್ದದ ಗುರುತು). ಅದರ ಪಕ್ಕ ಮೂಲ ಹೆಸರು, ಗಾತ್ರ, ಫೈಲಿನ ಬಗೆ, ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕಿದ ಬೆರಳಚ್ಚು), ಯಾರು ಯಾವಾಗ ಹಾಕಿದರು ಎಂಬ ಕಾಲಂಗಳು. ಕೋಡಿನಲ್ಲಿ ‘ಇಡು’, ‘ಕೊಡು’, ‘ಅಳಿಸು’ ಎಂಬ ಮೂರೇ ಕೆಲಸದ ಒಂದು ತೆಳು ಪದರ ಇರಲಿ. ಉಳಿದ ಆ್ಯಪ್‌ಗೆ ಫೈಲ್ ಎಲ್ಲಿದೆ ಎಂಬುದೇ ಗೊತ್ತಿರಬಾರದು.

ಬಳಕೆದಾರರು ಕೊಟ್ಟ ಹೆಸರಿನಲ್ಲೇ ಫೈಲ್ ಉಳಿಸುವುದು ಕನ್ನಡದವರಿಗೆ ಇನ್ನೂ ತುಟ್ಟಿ. ‘ಬ್ಯಾಡಗಿ’ ಕಣ್ಣಿಗೆ ಮೂರೇ ಅಕ್ಷರ. ಯೂನಿಕೋಡಿನಲ್ಲಿ ಅದು ಏಳು ಸಂಕೇತ, ಯುಟಿಎಫ್-8ರಲ್ಲಿ 21 ಬೈಟ್. ಲಿನಕ್ಸಿನ ಫೈಲ್ ಸಿಸ್ಟಮ್ ಆದ ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟೇ ಮಿತಿ, ಅಂದರೆ ಕನ್ನಡದ 85 ಸಂಕೇತ. ರೈತನ ಹೆಸರು, ಊರು, ಲಾಟ್ ನಂಬರ್, ತಾರೀಖು ಎಲ್ಲ ಸೇರಿಸಿ ಹೆಸರಿಟ್ಟ ಪಿಡಿಎಫ್ ಈ ಮಿತಿಯನ್ನು ದಾಟಿಬಿಡಬಹುದು. ಇದಕ್ಕಿಂತ ಕಾಡುವುದು ‘ೋ’ ಸ್ವರಚಿಹ್ನೆ. ಅದನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಪರದೆ ಮೇಲೆ ಎರಡೂ ‘ಫೋಟೋ’ ಎಂದೇ ಕಾಣುತ್ತವೆ, ಬೈಟ್‌ಗಳು ಬೇರೆ. ಆಗ ಫೈಲ್ ಕಣ್ಣೆದುರಿಗೇ ಇದ್ದರೂ ಆ್ಯಪ್ ‘ಇಲ್ಲ’ ಅನ್ನುತ್ತದೆ. ಮೂಲ ಹೆಸರನ್ನು, ಬಿಡಿ ಸಂಕೇತಗಳನ್ನು ಕೂಡಿಸಿ ಬರೆಯುವ ಎನ್‌ಎಫ್‌ಸಿ ರೂಪಕ್ಕೆ ತಂದು ಡೇಟಾಬೇಸಿನಲ್ಲಿಡಿ, ಡೌನ್‌ಲೋಡ್ ಆಗುವಾಗ ಮಾತ್ರ ತೋರಿಸಿ.

ಇನ್ನು ಲೆಕ್ಕ. ದಿನಕ್ಕೆ 200 ಲಾಟ್, 400 ಫೋಟೋ, ಒಂದೊಂದು 4 ಎಂಬಿ ಎಂದು ಹಿಡಿದರೆ ಟೆಂಡರ್ ದಿನಕ್ಕೆ 1.6 ಜಿಬಿ. 20 ವಾರದ ಹಂಗಾಮಿಗೆ 64 ಜಿಬಿ. ಉದ್ದದ ಬದಿಯನ್ನು 1600 ಪಿಕ್ಸೆಲ್‌ಗೆ ಇಳಿಸಿ, ಜೆಪೆಗ್ ಗುಣಮಟ್ಟ 80ಕ್ಕೆ ಇಟ್ಟು ಒಂದು ಫೋಟೋ 350 ಕೆಬಿ ಆಸುಪಾಸಿಗೆ ಬಂದರೆ ಇಡೀ ಹಂಗಾಮು 6 ಜಿಬಿಯೊಳಗೆ ಮುಗಿಯುತ್ತದೆ. ಬ್ಯಾಡಗಿ ಕಾಯಿಯ ಬೆಲೆ ನಿಂತಿರುವುದೇ ಬಣ್ಣದ ಮೇಲೆ, ಹಾಗಾಗಿ ಇಲ್ಲೊಂದು ಎಚ್ಚರ. ಜೆಪೆಗ್‌ನ ರೂಢಿಯ 4:2:0 ವಿಧಾನ ಬಣ್ಣದ ವಿವರವನ್ನು ಕಾಲು ಭಾಗಕ್ಕೆ ಇಳಿಸುತ್ತದೆ. ಗಾಢ ಕೆಂಪಿನ ಅಂಚುಗಳು ಕದಡುತ್ತವೆ. ಬಣ್ಣದ ವಿವರವನ್ನು ಇಳಿಸದ 4:4:4 ಆರಿಸಿ. ಫೈಲ್ ತುಸು ದೊಡ್ಡದಾದರೂ ಖರೀದಿದಾರರ ತಕರಾರು ಕಡಿಮೆ. ಹೀಗೆ ಮರುಬರೆಯುವಾಗಲೇ ಫೋಟೋದೊಳಗಿನ ಜಿಪಿಎಸ್ ಮಾಹಿತಿಯನ್ನೂ ತೆಗೆದುಹಾಕಿ. ಅದಕ್ಕೂ ಮೊದಲು ಫೋಟೋದೊಳಗಿನ ಎಕ್ಸಿಫ್ ಟಿಪ್ಪಣಿ ಹೇಳುವಂತೆ ಚಿತ್ರವನ್ನು ತಿರುಗಿಸಿಕೊಳ್ಳಬೇಕು, ಇಲ್ಲವಾದರೆ ಚೀಲಗಳೆಲ್ಲ ಅಡ್ಡ ಮಲಗುತ್ತವೆ.

ಗಾತ್ರದ ಮಿತಿ ಎರಡು ಕಡೆ ಕಾದು ಕುಳಿತಿರುತ್ತದೆ: ವೆಬ್ ಸರ್ವರ್ ಎಂಜಿನ್‌ಎಕ್ಸಿನಲ್ಲಿ, ಆ್ಯಪ್ ಬರೆದ ಭಾಷೆ ಪಿಎಚ್‌ಪಿಯಲ್ಲಿ. ಎಂಜಿನ್‌ಎಕ್ಸ್ ತಾನಾಗಿ ಬಿಡುವುದು 1 ಎಂಬಿ ಮಾತ್ರ. ದಾಟಿದರೆ 413 ದೋಷ. ಪಿಎಚ್‌ಪಿಯಲ್ಲಿ ಒಂದು ಫೈಲಿಗೆ 2 ಎಂಬಿ, ಇಡೀ ಫಾರ್ಮಿಗೆ 8 ಎಂಬಿ. ಎರಡು ಫೋಟೋ, ಒಂದು ಪಿಡಿಎಫ್ ಸೇರಿ 9 ಎಂಬಿ ಆದರೆ ಪಿಎಚ್‌ಪಿ ಫಾರ್ಮಿನ ಎಲ್ಲ ಖಾನೆಗಳನ್ನೂ ಖಾಲಿ ಮಾಡಿ ಒಳಗೆ ಕೊಡುತ್ತದೆ. ಪರದೆ ಮೇಲೆ ‘ಲಾಟ್ ನಂಬರ್ ಹಾಕಿ’ ಎಂದು ಬರುತ್ತದೆ, ಗುಮಾಸ್ತರು ‘ಹಾಕೇನಲ್ರೀ’ ಅಂತಾರೆ. ಇಬ್ಬರದೂ ಸುಳ್ಳಲ್ಲ. ಒಂದು ಫೈಲಿಗೆ 10 ಎಂಬಿ, ಫಾರ್ಮಿಗೆ 25, ಎಂಜಿನ್‌ಎಕ್ಸಿಗೆ 26 ಇಟ್ಟರೆ ಸಾಕು.

ಫೈಲಿನ ಬಗೆಯನ್ನು ಹೆಸರಿನ ಬಾಲ (.jpg, .pdf) ನೋಡಿ ನಂಬಬೇಡಿ, ಮೊದಲ ಬೈಟ್‌ಗಳನ್ನು ಓದಿ. ಜೆಪೆಗ್ ಎಫ್‌ಎಫ್ ಡಿ8 ಎಫ್‌ಎಫ್ ಎಂದು ಶುರುವಾಗುತ್ತದೆ, ಪಿಡಿಎಫ್ ಶೇಕಡಾ ಚಿಹ್ನೆ ಮತ್ತು ತನ್ನ ಹೆಸರಿನಿಂದ. ಎಸ್‌ವಿಜಿಯನ್ನು ಬಿಟ್ಟುಕೊಳ್ಳಲೇಬೇಡಿ, ಅದರೊಳಗೆ ಸ್ಕ್ರಿಪ್ಟ್ ಅಡಗಿಸಬಹುದು.

ಒಂದೇ ಸರ್ವರ್, ಒಂದೇ ಅಂಗಡಿ ಎಂದಾದರೆ ಸ್ವಂತ ಡಿಸ್ಕೇ ಸಾಕು. ಆರು ಜಿಬಿಗೆ ಕ್ಲೌಡ್ ಸಂಸಾರ ಬೇಕಿಲ್ಲ. ಆದರೆ ಫೋಲ್ಡರ್, ವೆಬ್ ಸರ್ವರ್ ನೇರವಾಗಿ ಜಗತ್ತಿಗೆ ತೋರಿಸುವ ವೆಬ್‌ರೂಟಿನ ಹೊರಗಿರಲಿ. ಒಳಗಿದ್ದರೆ, ಯಾರೋ ಹಾಕಿದ ಪಿಎಚ್‌ಪಿ ಫೈಲನ್ನು ನಿಮ್ಮ ಸರ್ವರೇ ಓಡಿಸಿಬಿಡಬಹುದು. ಆ್ಯಪ್ ಅನುಮತಿ ನೋಡಿದ ಮೇಲೆ ಎಂಜಿನ್‌ಎಕ್ಸಿನ ಎಕ್ಸ್-ಆಕ್ಸೆಲ್-ರಿಡೈರೆಕ್ಟ್ (ಈ ಫೈಲನ್ನು ನೀನೇ ಕಳಿಸು ಎಂದು ಅದಕ್ಕೆ ಹೇಳುವ ಹೆಡರ್) ಮೂಲಕ ಫೈಲ್ ಕೊಡಿ. ಬರೆಯುವಾಗ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಮುಗಿದ ಮೇಲೆ ನಿಜ ಹೆಸರಿಗೆ ಬದಲಿಸಿ. ನಡುವೆ ಪ್ರೋಗ್ರಾಂ ಬಿದ್ದರೂ ಅರ್ಧ ಫೋಟೋ ನಿಜ ಹೆಸರಿನಲ್ಲಿ ಉಳಿಯುವುದಿಲ್ಲ. ಎರಡೂ ಒಂದೇ ಫೈಲ್ ಸಿಸ್ಟಮಿನಲ್ಲಿರಬೇಕು, ಇಲ್ಲದಿದ್ದರೆ ಅದು ಹೆಸರು ಬದಲಾವಣೆಯಾಗದೆ ನಕಲಾಗುತ್ತದೆ. ಅಪ್‌ಲೋಡುಗಳಿಗೆ ಬೇರೆ ಪಾರ್ಟಿಶನ್ ಕೊಡಿ. ಫೋಟೋ ತುಂಬಿ ಡೇಟಾಬೇಸ್ ನಿಲ್ಲಬಾರದು. ಡಿಸ್ಕಿನಲ್ಲಿ ಜಾಗವಿದ್ದರೂ ‘ಜಾಗವಿಲ್ಲ’ ಎಂದು ಬಂದರೆ ಡಿಎಫ್ ಆಜ್ಞೆಗೆ -ಐ ಹಾಕಿ (df -i) ನೋಡಿ. ಪುಟ್ಟ ಪುಟ್ಟ ಥಂಬ್‌ನೇಲ್‌ಗಳು ಐನೋಡ್ (ಪ್ರತಿ ಫೈಲಿಗೂ ಒಂದು ಬೇಕಾಗುವ ಖಾನೆ) ತಿಂದು ಮುಗಿಸಿರುತ್ತವೆ. ಡಾಕರ್ ಬಳಸುವವರು ಕಂಟೇನರಿನ ಹೊರಗೆ ಉಳಿಯುವ ವಾಲ್ಯೂಮ್ ಕಟ್ಟದಿದ್ದರೆ, ಹೊಸ ಕಂಟೇನರ್ ಎಬ್ಬಿಸಿದಾಗ ಹಳೇ ಫೋಟೋಗಳು ಕೈಬಿಟ್ಟಂತೆಯೇ.

ರಾತ್ರಿ ಬ್ಯಾಕಪ್ಪಿನಲ್ಲಿ ಕ್ರಮ ಮುಖ್ಯ: ಮೊದಲು ಡೇಟಾಬೇಸ್, ಆಮೇಲೆ ಫೈಲುಗಳು. ಉಲ್ಟಾ ಮಾಡಿದರೆ ನಡುವೆ ಬಂದ ಫೋಟೋದ ಕೀ ಇರುತ್ತದೆ, ಫೋಟೋ ಇರುವುದಿಲ್ಲ. ನಕಲು ಹುಬ್ಬಳ್ಳಿಯಲ್ಲೋ ಬೇರೆಲ್ಲೋ ಇರಲಿ, ಅದೇ ಕೋಣೆಯಲ್ಲಿ ಮಾತ್ರ ಬೇಡ.

ಎರಡನೇ ಸರ್ವರ್ ಬಂದಾಗ, ಇಲ್ಲವೇ ಬ್ಯಾಕಪ್ ನೋಡಿಕೊಳ್ಳಲು ಯಾರೂ ಇಲ್ಲದಾಗ ಕ್ಲೌಡಿಗೆ ಹೋಗಿ. ಅಮೆಜಾನಿನ ಫೈಲ್ ಸಂಗ್ರಹ ಸೇವೆ ಎಸ್3ಗೆ 2016ರಿಂದ ಮುಂಬೈ ವಲಯವಿದೆ. 2023ರ ಏಪ್ರಿಲ್‌ನಿಂದ ಅಲ್ಲಿ ಫೈಲುಗಳನ್ನಿಡುವ ಹೊಸ ಬಕೆಟ್‌ಗಳು ಸಾರ್ವಜನಿಕರಿಗೆ ಮುಚ್ಚಿಕೊಂಡೇ ಹುಟ್ಟುತ್ತವೆ. ಫೋಟೋ ಕಾಣುತ್ತಿಲ್ಲವೆಂದು ಹಳೇ ವಿಡಿಯೋ ನೋಡಿ ಆ ಬೀಗ ತೆಗೆಯುವವರು ಬಹಳ. ತೆಗೆಯಬೇಡಿ, 10 ನಿಮಿಷ ಬಾಳುವ ಸಹಿ ಹಾಕಿದ ಲಿಂಕ್ ಕೊಡಿ. ಮೊಬೈಲಿನಿಂದ ನೇರ ಅಪ್‌ಲೋಡಿಗೆ ಸಹಿ ಹಾಕಿದ ‘ಪೋಸ್ಟ್’ ಒಳ್ಳೆಯದು, ಅದರಲ್ಲಿ ಗಾತ್ರದ ಮಿತಿ ಕಟ್ಟಬಹುದು. ‘ಪುಟ್’ನಲ್ಲಿ ಹಾಗೆ ಆಗದು. ನೇರವಾಗಿ ಬಂದ ಮೂಲ ಫೋಟೋವನ್ನೂ ಮೇಲಿನಂತೆ ಪರೀಕ್ಷಿಸಿ, ಕುಗ್ಗಿಸಿದ ಮೇಲೆಯೇ ಹೊರಗೆ ತೋರಿಸಿ. ಬಕೆಟ್ಟಿನ ಕಾರ್ಸ್ ಪಟ್ಟಿಗೆ (ಯಾವ ತಾಣದಿಂದ ಬಂದ ಬ್ರೌಸರ್ ಕೋರಿಕೆ ಒಪ್ಪಬೇಕು ಎಂಬ ಪಟ್ಟಿ) ನಿಮ್ಮ ತಾಣದ ವಿಳಾಸ ಸೇರಿಸಿ. 403 (ಅನುಮತಿ ಇಲ್ಲ) ದೋಷ ಬಂದರೆ ಸರ್ವರಿನ ಗಡಿಯಾರ ನೋಡಿ: 15 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಸ್3 ಒಪ್ಪುವುದಿಲ್ಲ.

ಕ್ಲೌಡಿನಲ್ಲಿದ್ದ ಮಾತ್ರಕ್ಕೆ ಬ್ಯಾಕಪ್ ಆದಂತಲ್ಲ. ನಿಮ್ಮದೇ ಕೋಡ್ ತಪ್ಪಿ ಅಳಿಸಿದರೆ ಅಲ್ಲೂ ಅಳಿಸಿಹೋಗುತ್ತದೆ. ಅಳಿಸಿದ, ಬದಲಿಸಿದ ಪ್ರತಿಗಳನ್ನೂ ಉಳಿಸುವ ವರ್ಷನಿಂಗ್ ಹಾಕಿ, ಹಳೇ ಪ್ರತಿಗಳನ್ನು 30 ದಿನಕ್ಕೆ ತೆಗೆಯುವ ನಿಯಮ ಬರೆಯಿರಿ. ಅರ್ಧಕ್ಕೆ ನಿಂತ ಮಲ್ಟಿಪಾರ್ಟ್ (ತುಂಡು ತುಂಡಾಗಿ ಕಳಿಸುವ) ಅಪ್‌ಲೋಡುಗಳಿಗೆ 7 ದಿನದ ನಿಯಮ ಹಾಕಿ. ಅವು ಪಟ್ಟಿಯಲ್ಲಿ ಕಾಣುವುದಿಲ್ಲ, ಬಿಲ್ಲಿನಲ್ಲಿ ಕಾಣುತ್ತವೆ. ಹೊರಹೋಗುವ ಡೇಟಾಕ್ಕೆ ಹಣ ಕಟ್ಟುವುದು ಭಾರವಾದರೆ, ಆ ಶುಲ್ಕವಿಲ್ಲದ ಕ್ಲೌಡ್‌ಫ್ಲೇರ್ ಆರ್2 ಬಹುಪಾಲು ಅದೇ ಎಸ್3 ಕೋಡಿಗೆ ಒಗ್ಗುತ್ತದೆ.

ಸ್ಥಳಾಂತರ ಟೆಂಡರ್ ಇಲ್ಲದ ದಿನ ಶುರುಮಾಡಿ. ಮೊದಲು ಹೊಸ ಫೈಲುಗಳು ಎರಡೂ ಕಡೆ ಬರೆಯಲ್ಪಡಲಿ, ಆಮೇಲೆ ಫೈಲ್ ನಕಲಿಸುವ ಉಪಕರಣ ಆರ್‌ಕ್ಲೋನ್‌ನಿಂದ ಹಳೆಯವನ್ನು ಕಳಿಸಿ, ಮೊತ್ತ ತಾಳೆ ನೋಡಿ. ಮಲ್ಟಿಪಾರ್ಟ್ ಫೈಲಿಗೆ ಎಸ್3 ಕೊಡುವ ಇಟ್ಯಾಗ್ ಗುರುತು ಇಡೀ ಫೈಲಿನ ಎಂಡಿ5 ಮೊತ್ತವಲ್ಲ, ಅದನ್ನು ನೆಚ್ಚಬೇಡಿ. ಓದುವಾಗ ಮೊದಲು ಕ್ಲೌಡ್, ಸಿಗದಿದ್ದರೆ ಡಿಸ್ಕ್; ಡಿಸ್ಕಿಗೆ ಬಿದ್ದಾಗಲೆಲ್ಲ ಲಾಗಿನಲ್ಲಿ ಒಂದು ಸಾಲು. ಎರಡು ಟೆಂಡರ್ ದಿನ ಅಂಥ ಸಾಲು ಒಂದೂ ಬರದಿದ್ದರೆ ಹಳೇ ಫೋಲ್ಡರಿನ ಹೆಸರು ಬದಲಿಸಿ ಒಂದು ವಾರ ಬಿಡಿ. ‘ಫೋಟೋ ಕಾಣವಲ್ತ್ರಿ’ ಎಂಬ ಫೋನ್ ಬರದಿದ್ದರೆ ಅಳಿಸಿ.