ಹುಡುಕಿದ ಪದದಿಂದ ನೇರ ಆ ಪುಟಕ್ಕೆ: ನನ್ನ ಅನುಭವ

"ಪದ ಸಿಕ್ಕರ ಏನ್ ಬಂತೋ, ಶಿಕ್ಕಾ ಇರೋ ಪುಟ ತೋರಸು" ಅಂದಿದ್ದರು ನಮ್ಮ ಹಿರಿಯ ವಕೀಲರು. ಶಿಕ್ಕಾ ಅಂದರೆ ಮುದ್ರೆ. ಅವರ ಮಾತು ಸರಿಯೇ. ನಮ್ಮದು ಧಾರವಾಡದಲ್ಲಿ ಸಿವಿಲ್ ಕೇಸುಗಳ ಆಫೀಸು. ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲು) ಪತ್ರ, ಪಹಣಿ ಎಲ್ಲ ಸೇರಿ ಸುಮಾರು 30,000 ಪುಟ. ಪುಟಕ್ಕೆ 1 ರೂಪಾಯಿಯಂತೆ ಹೊರಗೆ ಸ್ಕ್ಯಾನ್ ಮಾಡಿಸಿದ್ದೆ. ಮೇಲೆ 6,000 ರೂಪಾಯಿ ಕೊಟ್ಟು ಹುಡುಕುವ ಸಾಫ್ಟ್‌ವೇರ್ ಒಂದನ್ನು ಕೊಂಡೆ. ಅದು ಪದ ಇರುವ ಎರಡು ಸಾಲು ತೋರಿಸುತ್ತಿತ್ತು. ಕ್ಲಿಕ್ ಮಾಡಿದರೆ 400 ಪುಟದ ಪಿಡಿಎಫ್ ಮೊದಲ ಪುಟದಲ್ಲೇ ತೆರೆಯುತ್ತಿತ್ತು. ಆ ದುಡ್ಡು ಹೋಯಿತು.

ಆಮೇಲೆ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಫೈಲುಗಳ ಒಳಗಿನ ಪದ ಹುಡುಕುವ ರೀಕಾಲ್ (Recoll) ಸಾಫ್ಟ್‌ವೇರಿಗೆ ಬಂದೆ. ಅಲ್ಲಿ ಪುಕ್ಕಟೆ. ಸ್ಕ್ಯಾನ್ ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್‌ (Tesseract) ಸಾಫ್ಟ್‌ವೇರಿನಿಂದ ತೆಗೆದ ಅಕ್ಷರವನ್ನೆಲ್ಲ ಬೇರೆ ಟೆಕ್ಸ್ಟ್ ಫೈಲು ಮಾಡಿ ಇಟ್ಟೆ. ತಪ್ಪಿದ್ದು ಇಲ್ಲೇ. ಹುಡುಕಿದರೆ ಪಟ್ಟನೆ ಸಿಗುತ್ತಿತ್ತು, ಓಪನ್ ಒತ್ತಿದರೆ ಬರೀ ಅಕ್ಷರ. ಸಹಿ ಇಲ್ಲ, ಶಿಕ್ಕಾ ಇಲ್ಲ. ಕೋರ್ಟಿನಲ್ಲಿ ಅದಕ್ಕೇನು ಬೆಲೆ? ಮೂರು ತಿಂಗಳ ಕೆಲಸ ಅಳಿಸಿದೆ.

ಎರಡನೇ ಸಲ ಓಸಿಆರ್‌ಮೈಪಿಡಿಎಫ್ (OCRmyPDF) ಹಿಡಿದೆ. ಅದು ಟೆಸರಾಕ್ಟ್‌ನಿಂದಲೇ ಓದಿಸಿ, ಅಕ್ಷರವನ್ನು ಅದೇ ಪುಟದಲ್ಲಿ, ಚಿತ್ರದ ಹಿಂದೆಯೇ ಕೂರಿಸುತ್ತದೆ. ಓರೆಯಾದ ಪುಟ ನೇರ ಮಾಡುವ ಆಯ್ಕೆ ಬಿಡಬೇಡಿ, ನಮ್ಮ ಒತ್ತಕ್ಷರಗಳಿಗೆ ಅದು ಬೇಕೇ ಬೇಕು. ಹಳೇ ಕಂಪ್ಯೂಟರ್, ರಾತ್ರಿಗೆ ಸುಮಾರು 1,500 ಪುಟ. ಮೂರು ವಾರ ಹಿಡಿಯಿತು. ಆಮೇಲೆ ರೀಕಾಲ್‌ನಲ್ಲಿ ಪಿಡಿಎಫ್ ತೆರೆಯುವ ಕಮಾಂಡ್ ತಿದ್ದಿದೆ. ಪಿಡಿಎಫ್ ತೋರಿಸುವ ಎವಿನ್ಸ್‌ಗೆ (Evince) ಫೈಲಿನ ಜೊತೆ ಪುಟದ ಸಂಖ್ಯೆಗೆ ಪರ್ಸೆಂಟ್ ಪಿ (%p), ಹುಡುಕಿದ ಪದಕ್ಕೆ ಪರ್ಸೆಂಟ್ ಎಸ್ (%s) ಕೊಡಬೇಕು.

ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫೈಲುಗಳಲ್ಲಿ ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ, ಅವನ್ನು ಮೊದಲೇ ಯುನಿಕೋಡ್ ಮಾಡಿಕೊಳ್ಳಬೇಕು. ಕೈಬರಹದ ಪತ್ರಗಳ ಮೇಲೂ ಒಂದು ವಾರ ಸುಮ್ನೆ ಪ್ರಯೋಗ ಮಾಡಿದೆ. ಒಂದು ಸಾಲೂ ಸರಿ ಬರಲಿಲ್ಲ. ಅವಕ್ಕೆ ಸರ್ವೆ ನಂಬರನ್ನು ಫೈಲಿನ ಹೆಸರಿನಲ್ಲೇ ಬರೆದೆ. ಟೆಸರಾಕ್ಟ್ ಯಾವ ಅಕ್ಷರವನ್ನು ಯಾವುದೆಂದು ತಪ್ಪಾಗಿ ಓದುತ್ತದೆ ಅನ್ನುವ ಪಟ್ಟಿ ನನ್ನ ಹತ್ತಿರ ಇದೆ. ಬೇರೆಯವರಿಗೆ ಸಿಗದ ಪುಟ ನನಗೆ ಸಿಗುವುದು ಅದರಿಂದಲೇ. ಆ ಪಟ್ಟಿ ಮಾತ್ರ ಇಲ್ಲಿ ಹಾಕುವುದಿಲ್ಲ, ಎರಡು ವರ್ಷದ ದುಡಿಮೆ.

ಹೋದ ತಿಂಗಳು ವಾದದ ಹಿಂದಿನ ಸಂಜೆ ಸರ್ ಒಂದು ಸರ್ವೆ ನಂಬರ್ ಹೇಳಿದರು. ಟೈಪ್ ಮಾಡಿ ಓಪನ್ ಒತ್ತಿದೆ. 212ನೇ ಪುಟ ತೆರೆಯಿತು. ನಂಬರಿನ ಮೇಲೆ ಬಣ್ಣ, ಕೆಳಗೆ ನೇರಳೆ ಶಿಕ್ಕಾ. ಸರ್ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಕೂತರು. "ಇನ್ನೊಂದು ನಂಬರ್ ಹೇಳ್ತೀನಿ, ಹಾಕು" ಅಂದರು.