ಮೂತ್ರಕೋಶದ ಗಡ್ಡೆಗೆ ಯಾವ ಆಪರೇಷನ್? ಡಾಕ್ಟರ್ ಹತ್ರ ಕೇಳಿ ತಿಳ್ಕೊಳ್ಳೋದು ಹೇಗೆ

ಮೂತ್ರದಲ್ಲಿ ನೋವೇ ಇಲ್ದೆ ರಕ್ತ ಹೋಯ್ತು, ಮಡಿಕೇರಿಲಿ ಸ್ಕ್ಯಾನ್ ಮಾಡ್ಸಿದ್ರೆ ಮೂತ್ರಕೋಶದಲ್ಲಿ ಗಡ್ಡೆ ಅಂದ್ರು, ಮೈಸೂರಿಗೋ ಮಂಗಳೂರಿಗೋ ಹೋಗಿ ಯೂರಾಲಜಿ ಡಾಕ್ಟರಿಗೆ ತೋರ್ಸಿ ಅಂದ್ರು. ಅಲ್ಲಿ ಹೋದ್ರೆ ಒಬ್ರು ಲೇಸರ್ ಅಂತಾರೆ, ಇನ್ನೊಬ್ರು ಬೈಪೋಲಾರ್ ಅಂತಾರೆ, ಖರ್ಚೂ ಬೇರೆ ಬೇರೆ, ಮನೆಯವ್ರಿಗೆ ತಲೆ ಕೆಟ್ಟೋಗುತ್ತೆ. ನಮ್ಮ ಚಿಕ್ಕಪ್ಪಂಗೆ ಆದಾಗ ಜೊತೆಲಿ ಓಡಾಡಿದವನು ನಾನೇ, ಹಾಗಾಗಿ ಬರೀತಿದೀನಿ. ಮಿಷಿನ್ ಯಾವ್ದು ಅನ್ನೋದು ಆಮೇಲೆ, ಮೊದ್ಲು ಗಡ್ಡೆ ಪೂರ್ತಿ ಬರುತ್ತಾ, ಅದರ ಬುಡದ ಸ್ನಾಯು ಬಯಾಪ್ಸಿಗೆ ಸಿಗುತ್ತಾ ಅಂತ ಕೇಳಿ, ಕ್ಯಾನ್ಸರ್ ಆಗಿದ್ರೆ ಎಷ್ಟು ಆಳ ಇಳಿದಿದೆ ಅಂತ ಗೊತ್ತಾಗೋದು ಆ ಸ್ನಾಯುವಿಂದಲೇ.

ಹೆಚ್ಚು ಕಮ್ಮಿ ಎಲ್ಲರಿಗೂ ಮೊದ್ಲು ಮಾಡೋದು ಟಿಯುಆರ್‌ಬಿಟಿ. ಹೊಟ್ಟೆ ಕುಯ್ಯಲ್ಲ, ಮೂತ್ರ ಬರೋ ದಾರಿಲೇ ಕ್ಯಾಮೆರಾ ಇರೋ ಕೊಳವೆ ಹಾಕಿ, ಕರೆಂಟ್ ಹರಿಯೋ ತಂತಿಲಿ ಗಡ್ಡೇನ ಚೂರು ಚೂರಾಗಿ ಕೆರೆದು ತೆಗೀತಾರೆ. ಇದ್ರಲ್ಲಿ ಹಳೇದು ಮೊನೋಪೋಲಾರ್, ಅದಕ್ಕೆ ಗ್ಲೈಸಿನ್ ಥರದ ದ್ರವ ಬಿಡ್ಬೇಕು, ಅದು ಜಾಸ್ತಿ ಮೈಗೆ ಸೇರಿದ್ರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ. ಬೈಪೋಲಾರ್‌ನಲ್ಲಿ ಸಲೈನ್ ಬಿಡ್ತಾರೆ, ಆ ಭಯ ಇಲ್ಲ, ವಯಸ್ಸಾದವ್ರಿಗೆ, ಹಾರ್ಟ್ ಪೇಷಂಟಿಗೆ ಬೈಪೋಲಾರ್ ಇದ್ಯಾ ಅಂತ ಕೇಳೋದು ಒಳ್ಳೇದು.

ಗಡ್ಡೆ ಪಕ್ಕದ ಗೋಡೆಲಿದ್ರೆ ಇನ್ನೊಂದು ಮಾತು ಕೇಳ್ಲೇಬೇಕು. ಅಲ್ಲೇ ಹತ್ರ ತೊಡೆಗೆ ಹೋಗೋ ನರ ಇದೆ, ಕರೆಂಟ್ ತಾಗಿದ್ರೆ ಕಾಲು ದಿಢೀರ್ ಅಂತ ಎಗರುತ್ತೆ, ಮೂತ್ರಕೋಶಕ್ಕೆ ತೂತಾಗಬಹುದು, ಬೆನ್ನಿಗೆ ಕೊಡೋ ಅನಸ್ತೇಷಿಯಾ ಒಂದೇ ಇದನ್ನ ತಡೆಯಲ್ಲ, ಆ ನರಕ್ಕೆ ಬೇರೆ ಬ್ಲಾಕ್ (ಮರಗಟ್ಟಿಸೋ ಇಂಜೆಕ್ಷನ್) ಕೊಡ್ತಾರೆ ಇಲ್ಲಾಂದ್ರೆ ಪೂರ್ತಿ ಪ್ರಜ್ಞೆ ತಪ್ಪಿಸಿ ಸ್ನಾಯು ಸಡಿಲ ಮಾಡ್ತಾರೆ. ಲೇಸರಲ್ಲಿ ಕರೆಂಟ್ ಹರಿಯಲ್ಲ, ಕಾಲು ಎಗರೋ ತೊಂದ್ರೆ ಇಲ್ಲ. ಆದ್ರೆ ಲೇಸರಲ್ಲಿ ಬರೀ ಸುಟ್ಟು ಆವಿ ಮಾಡ್ಬಿಟ್ರೆ ಬಯಾಪ್ಸಿಗೆ ಏನೂ ಉಳಿಯಲ್ಲ, ಕತ್ತರಿಸಿ ತೆಗೀತೀರಾ ಅಂತ ಬಿಡಿಸಿ ಕೇಳಿ.

ಎನ್ ಬ್ಲಾಕ್ ಅಂದ್ರೆ ಗಡ್ಡೇನ ಬುಡದ ಸ್ನಾಯು ಸಮೇತ ಒಂದೇ ತುಂಡಾಗಿ ಎತ್ತೋದು, ಲಾವಂಚದ ಬುಡ ಬೇರು ಸಮೇತ ಕಿತ್ತ ಹಾಗೆ. ಕರೆಂಟಲ್ಲೂ ಮಾಡ್ಬಹುದು, ಲೇಸರಲ್ಲೂ ಮಾಡ್ಬಹುದು. ಲ್ಯಾಬಿನವ್ರಿಗೆ ಅಂಚು, ಆಳ ಎರಡೂ ಸರಿಯಾಗಿ ಕಾಣುತ್ತೆ. 3 ಸೆಂಟಿಮೀಟರ್ ಒಳಗಿನ ಗಡ್ಡೆಗಳಲ್ಲಿ ಒಂದೇ ತುಂಡಾಗಿ ತೆಗೆಯೋದನ್ನೂ ಚೂರಾಗಿ ಕೆರೆಯೋದನ್ನೂ ಹೋಲಿಸಿದ ಹಾಂಗ್‌ಕಾಂಗ್ ಅಧ್ಯಯನ 2024ರಲ್ಲಿ ಪ್ರಕಟ ಆಯ್ತು, ಅದ್ರಲ್ಲಿ ಒಂದು ವರ್ಷದೊಳಗೆ ಮತ್ತೆ ಬಂದಿದ್ದು ಒಂದೇ ತುಂಡಲ್ಲಿ ತೆಗೆದವ್ರಿಗೆ ಸುಮಾರು 29%, ಚೂರಾಗಿ ತೆಗೆದವ್ರಿಗೆ 38%. ಗಡ್ಡೆ 3 ಸೆಂಟಿಮೀಟರಿಗಿಂತ ದೊಡ್ಡದಿದ್ರೆ ಒಂದೇ ತುಂಡಾಗಿ ಹೊರಗೆ ತರೋದು ಕಷ್ಟ. ಚಿಕ್ಕ ಗಡ್ಡೆ ಆದ್ರೆ, ಇದ್ರಲ್ಲಿ ಪಳಗಿದ ಡಾಕ್ಟರ್ ಸಿಕ್ಕಿದ್ರೆ, ನಾನಂತೂ ಇದನ್ನೇ ಮಾಡ್ಸಿ ಅಂತೀನಿ. ಕೈ ಪಳಗದೇ ಇರೋರ ಹತ್ರ ಹೊಸ ವಿಧಾನಕ್ಕೆ ಹಟ ಹಿಡೀಬೇಡಿ.

ಆಪರೇಷನ್ ಆದ 24 ಗಂಟೆ ಒಳಗೆ ಗಡ್ಡೆ ಮತ್ತೆ ಬರೋದು ಕಮ್ಮಿ ಆಗ್ಲಿ ಅಂತ ಮೂತ್ರಕೋಶದೊಳಗೆ ಮೈಟೋಮೈಸಿನ್ ಥರದ ಔಷಧಿ ಹಾಕ್ತೀರಾ ಅಂತ ಮೊದ್ಲೇ ಕೇಳಿಡಿ, ಎಲ್ಲರಿಗೂ ಬೇಕಾಗಲ್ಲ, ತೂತಾಗಿದ್ರೆ ಅಥವಾ ರಕ್ತ ಜಾಸ್ತಿ ಹೋಗ್ತಿದ್ರೆ ಹಾಕಲ್ಲ. ಎಕೋಸ್ಪ್ರಿನ್ ಥರದ ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಹೇಳಿ, ನೀವೇ ನಿಲ್ಲಿಸ್ಬೇಡಿ.

ಬಯಾಪ್ಸಿ ರಿಪೋರ್ಟ್ ಬಂದ ಮೇಲೆ ಅದ್ರಲ್ಲಿ ಸ್ನಾಯು ಇತ್ತಾ ಇಲ್ವಾ ಅಂತ ಬರೆದಿರ್ತಾರೆ, ಆ ಸಾಲನ್ನ ಹುಡುಕಿ ಓದಿ. ಸ್ನಾಯು ಸಿಕ್ಕಿಲ್ಲ ಅಂದ್ರೆ, ಅಥವಾ ಟಿ1 (ಒಳಪದರ ದಾಟಿದೆ, ಸ್ನಾಯುವಿಗೆ ಇನ್ನೂ ಇಳಿದಿಲ್ಲ) ಅಂತ ಬಂದ್ರೆ, ಸಾಮಾನ್ಯವಾಗಿ 2ರಿಂದ 6 ವಾರದಲ್ಲಿ ಅದೇ ಜಾಗ ಮತ್ತೆ ಕೆರೀಬೇಕಾಗುತ್ತೆ, ದುಡ್ಡು ಹೊಡಿಯೋಕೆ ಎರಡನೇ ಸಲ ಕರೀತಿದಾರೆ ಅಂತ ಅನ್ಕೊಂಡು ತಪ್ಪಿಸ್ಬೇಡಿ. ಸ್ನಾಯುವಿನ ಒಳಗೇ ಇಳಿದಿದ್ರೆ ಮಾತೇ ಬೇರೆ, ಮೂತ್ರಕೋಶನೇ ತೆಗೆಯೋದು ಇಲ್ಲಾ ಕೀಮೋ ಜೊತೆ ರೇಡಿಯೇಷನ್, ಆಗ ಬೆಂಗಳೂರಿನ ಕಿದ್ವಾಯಿ ಥರದ ಕ್ಯಾನ್ಸರ್ ಆಸ್ಪತ್ರೆಲಿ ಇನ್ನೊಂದು ಅಭಿಪ್ರಾಯ ತಗೊಳ್ಳಿ.

ನಮ್ಮೂರ ಕಡೆಯವ್ರಿಗೆ ಒಂದು ಮಾತು. ಕ್ಯಾಥೆಟರ್ ತೆಗೆದು ಮೂತ್ರ ಸಲೀಸಾಗಿ ಹೋಗೋ ತನಕ ಮೈಸೂರಲ್ಲೇ ಯಾರಾದ್ರೂ ನೆಂಟರ ಮನೇಲಿ ಉಳ್ಕೊಳ್ಳಿ. ರಕ್ತ ಹೆಪ್ಪುಗಟ್ಟಿ ಮೂತ್ರ ಕಟ್ಕೊಂಡ್ರೆ ಮಳೆಗಾಲದ ರಾತ್ರಿ ತೋಟದಿಂದ ಹೊರಡೋದು ಎಷ್ಟು ಕಷ್ಟ ಅಂತ ಗೊತ್ತಲ್ವಾ. ಹತ್ತು ಹದಿನೈದು ದಿನಕ್ಕೆ ಸ್ವಲ್ಪ ರಕ್ತ ಮತ್ತೆ ಕಾಣ್ಬಹುದು, ಒಳಗಿನ ಹಕ್ಕಳೆ ಉದುರೋದು ಅದು, ನೀರು ಚೆನ್ನಾಗಿ ಕುಡೀರಿ, ರಕ್ತ ಹೆಪ್ಪು ಹೆಪ್ಪಾಗಿ ಬಂದ್ರೆ ಅಥವಾ ಮೂತ್ರ ನಿಂತ್ರೆ ತಕ್ಷಣ ಆಸ್ಪತ್ರೆಗೆ. ಕೆಲವು ವಾರ ಕಾಫಿ ಮೂಟೆ ಎತ್ತೋದು, ತೋಟದ ರೋಡಲ್ಲಿ ಜೀಪಲ್ಲಿ ಕುಲುಕಾಡೋದು ಬೇಡ. ಬೀಡಿ ಸಿಗರೇಟು ಇದ್ರೆ ಇವತ್ತೇ ಬಿಡಿ. ಮೂರು ತಿಂಗಳಿಗೆ ಮತ್ತೆ ಕ್ಯಾಮೆರಾ ಹಾಕಿ ನೋಡ್ತಾರೆ, ಕಾಫಿ ಕುಯ್ಲಿದ್ರೂ ಆ ತಾರೀಖು ಮುಂದೆ ಹಾಕ್ಬೇಡಿ.