ವಿಜಯಪುರದ ಬಿಸಿಲಲ್ಲಿ ಒಂದು ಹಳೇ ಸ್ಪಾರ್ಕ್ಲಿಂಗ್ ಶಿರಾಜ್

ಕೆಂಪು ವೈನಿನಲ್ಲೂ ಗುಳ್ಳೆ ಇರುತ್ತದೆ ಅಂದರೆ ನಮ್ಮ ಕಡೆ ನಗುತ್ತಾರೆ. ಆಸ್ಟ್ರೇಲಿಯಾದವರು ಶಿರಾಜ್ ಅನ್ನುವ ಕಪ್ಪು ದ್ರಾಕ್ಷಿಯಿಂದ ಇಂಥ ಗುಳ್ಳೆ ವೈನನ್ನು, ಅಂದರೆ ಸ್ಪಾರ್ಕ್ಲಿಂಗ್ ಶಿರಾಜನ್ನು, 19ನೇ ಶತಮಾನದಿಂದಲೇ ಮಾಡುತ್ತಿದ್ದಾರೆ, ಕ್ರಿಸ್‌ಮಸ್ ಊಟಕ್ಕೆ ಇದೇ ಬೇಕು ಅನ್ನುವ ಮನೆಗಳೂ ಅಲ್ಲಿವೆ. ಅಡಿಲೇಡ್‌ನಲ್ಲಿರುವ ನನ್ನ ಅಕ್ಕನ ಮಗ, ಅಲ್ಲೇ ಹತ್ತಿರದ ವೈನ್ ಸೀಮೆ ಮ್ಯಾಕ್ಲಾರೆನ್ ವೇಲ್‌ನ ಒಂದು ಸಣ್ಣ ತೋಟದಿಂದ ಎರಡು ಬಾಟಲಿ ತಂದುಕೊಟ್ಟ. ಅಪ್ಪ, ಅಮ್ಮ, ಮಗಳು ಸೇರಿ ನಡೆಸುವ ತೋಟವಂತೆ. ಒಂದನ್ನು ಅವನಿದ್ದಾಗಲೇ ತೆಗೆದೆವು. ಇನ್ನೊಂದನ್ನು ತೋರಿಸಿ, "ಮಾಮಾ, ಇದನ್ನ ಲಗೂನ ತಗೀಬ್ಯಾಡ್ರಿ, ಇಟ್ಟಷ್ಟು ಛಲೋ ಆಗ್ತೈತಿ" ಅಂದ.

ಇಡೋದು ಎಲ್ಲಿ? ವಿಜಯಪುರದ ಹತ್ತಿರ ನಮ್ಮ ತಿಕೋಟಾ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ವೈನಿಗೆ ಬೇಕಾಗಿರೋದು 12ರಿಂದ 14.

ಹಳೇ ಮನೆಯ ಹಗೇವಿನಲ್ಲಿ, ಅಂದರೆ ಕಾಳು ಇಡುವ ನೆಲದೊಳಗಿನ ಗುಂಡಿಯಲ್ಲಿ, ಇಡು ಅಂತ ಎಲ್ಲರೂ ಹೇಳಿದರು. ಜೋಳಕ್ಕೆ ಅದು ಸರಿ. ಆದರೆ ನೆಲದ ಆಳದಲ್ಲಿ ಮಣ್ಣಿನ ಬಿಸಿ ಆ ಊರಿನ ವರ್ಷದ ಸರಾಸರಿಗೆ ಹತ್ತಿರ ಇರುತ್ತದೆ, ನಮ್ಮಲ್ಲಿ ಆ ಸರಾಸರಿಯೇ 25ರ ಮೇಲೆ. ಯುರೋಪಿನವರ ನೆಲಮಾಳಿಗೆ ತಂಪಾಗಿರೋದು ಅವರ ಊರೇ ತಂಪಾಗಿರೋದರಿಂದ. ಮಣೂಕ (ಒಣದ್ರಾಕ್ಷಿ) ಇಡುವ ಕೋಲ್ಡ್ ಸ್ಟೋರೇಜ್ ಇದೆಯಲ್ಲ ಅಂದರೆ, ಹತ್ತು ಜನರ ಮಾಲಿನ ಮಧ್ಯೆ ಮದ್ಯದ ಬಾಟಲಿ ಇಡೋದು ನನಗೆ ಸರಿ ಕಾಣಲಿಲ್ಲ.

ಕೊನೆಗೆ ಮಾಡಿದ್ದು ಇಷ್ಟು. ಮೂಲೆಯಲ್ಲಿದ್ದ ಹಳೇ ಸಿಂಗಲ್ ಡೋರ್ ಫ್ರಿಜ್ಜಿಗೆ ಹೊರಗಿನಿಂದ ಒಂದು ಟೆಂಪರೇಚರ್ ಕಂಟ್ರೋಲರ್ ಹಾಕಿದೆ. ಅದರ ವೈರಿನ ತುದಿಯನ್ನು ಒಳಗೆ ಬಿಟ್ಟರೆ 13ಕ್ಕೆ ಕರೆಂಟ್ ಕಡಿಯುತ್ತದೆ, 15 ಆದಾಗ ಮತ್ತೆ ಕೊಡುತ್ತದೆ. ಬಾಟಲಿಯನ್ನು ದ್ರಾಕ್ಷಿ ತುಂಬುವ ಥರ್ಮಾಕೋಲ್ ಡಬ್ಬಿಯಲ್ಲಿ ಮಲಗಿಸಿ, ಸುತ್ತ ನೀರು ತುಂಬಿದ ಬಾಟಲಿಗಳನ್ನು ಇಟ್ಟೆ. ಕರೆಂಟ್ ಹೋದರೂ ಆ ನೀರು ಬೇಗ ಬಿಸಿಯಾಗಲ್ಲ. ಡಬ್ಬಿಯೊಳಗೆ ಬೆಳಕೂ ಬೀಳಲ್ಲ.

ನಾನು ದ್ರಾಕ್ಷಿ ಬೆಳೆಯುವವನು. ಥಾಮ್ಸನ್, ಮಾಣಿಕ್ ಚಮನ್, ಎರಡೂ ಬೀಜ ಇಲ್ಲದವು. ಶಿರಾಜ್ ಬೇರೆ ಜಾತಿ: ಕಾಯಿ ಸಣ್ಣದು, ಕಪ್ಪು, ಸಿಪ್ಪೆ ದಪ್ಪ, ಒಳಗೆ ಬೀಜ. ಬಣ್ಣ ಸಿಪ್ಪೆಯದು, ಒಗರು ಸಿಪ್ಪೆ ಮತ್ತು ಬೀಜದ್ದು. ಒಗರಿನ ಜೊತೆ ಗುಳ್ಳೆ ಸೇರಿದರೆ ನಾಲಿಗೆಗೆ ಒರಟು ಹತ್ತುತ್ತದೆ, ಅದಕ್ಕೇ ಒಳ್ಳೆ ತೋಟದವರು ಮೊದಲು ಆ ವೈನನ್ನು ಹಳೇ ಓಕ್ ಪೀಪಾಯಿಯಲ್ಲಿಟ್ಟು ಮೆತ್ತಗೆ ಮಾಡಿಕೊಂಡು, ಆಮೇಲೆ ಬಾಟಲಿಗೆ ಹಾಕಿ ಸಕ್ಕರೆ, ಯೀಸ್ಟ್ ಸೇರಿಸಿ ಮುಚ್ಚುತ್ತಾರೆ. ಯೀಸ್ಟ್ ಆ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ; ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಹಾಕಿದರೆ ಹೊರಗಿನ ಗಾಳಿಯ ಒತ್ತಡದ ಆರು ಪಟ್ಟು ಒತ್ತಡ ಹುಟ್ಟುತ್ತದೆ. ಯೀಸ್ಟ್ ಸತ್ತು ತಳಕ್ಕೆ ಕೂರುತ್ತದೆ, ಅದನ್ನು ಬಾಟಲಿಯ ಕುತ್ತಿಗೆಗೆ ಇಳಿಸಿ ಹೊರಗೆ ಹಾರಿಸಿ, ಸ್ವಲ್ಪ ಸಿಹಿ ಸೇರಿಸಿ ಕಾರ್ಕ್ ಹಾಕುತ್ತಾರೆ. ನಿನ್ನ ತೋಟದಲ್ಲೂ ಮಾಡು ಅಂತ ಗೆಳೆಯರು ಚುಡಾಯಿಸುತ್ತಾರೆ. ಅಬಕಾರಿ ಲೈಸೆನ್ಸ್ ಒಂದು ಕಡೆ ಇರಲಿ, ಲೆಕ್ಕ ತಪ್ಪಿದರೆ ಬಾಟಲಿಯೇ ಒಡೆದು ಮುಖಕ್ಕೆ ಬರುತ್ತದೆ.

ಕೆಲವು ವರ್ಷ ಕಳೆದ ಮೇಲೆ, ಅಕ್ಟೋಬರ್ ಚಾಟ್ನಿ (ದ್ರಾಕ್ಷಿ ಬಳ್ಳಿ ಸವರುವ ಕೆಲಸ) ಮುಗಿದ ವಾರ ಅದನ್ನು ತೆಗೆದೆ. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಟ್ಟಿದ್ದೆ, ಹಳೇ ಕೆಂಪು ವೈನಿನಲ್ಲಿ ಗಸಿ ಇರುತ್ತದೆ. ಕುಡಿಯುವ ಮೊದಲು ಐಸ್ ನೀರಿನಲ್ಲಿ ಸ್ವಲ್ಪ ಹೊತ್ತು, 10 ಡಿಗ್ರಿ ಆಗುವಷ್ಟು ಮಾತ್ರ. ಬಿಯರ್ ಥರ ಗಡ್ಡೆ ಕಟ್ಟುವಷ್ಟು ತಣ್ಣಗೆ ಮಾಡಿದರೆ ಒಗರು ಬಿಟ್ಟು ಏನೂ ಸಿಗಲ್ಲ.

ತಂತಿ ಬಿಚ್ಚಿ, ಕಾರ್ಕ್ ಬಿಗಿಯಾಗಿ ಹಿಡಿದುಕೊಂಡು ಬಾಟಲಿಯನ್ನು ತಿರುಗಿಸಬೇಕು, ಕಾರ್ಕನ್ನಲ್ಲ. ಮೊದಲ ಬಾಟಲಿಯ ಕಾರ್ಕ್ ಹೊರಗೆ ಬಂದ ತಕ್ಷಣ ಬುಡದಲ್ಲಿ ಅಣಬೆ ಥರ ಅಗಲವಾಗಿತ್ತು. ಇದರದ್ದು ನೆಟ್ಟಗೆ ಗೂಟದಂತೆ ಬಂತು, ವರ್ಷಗಟ್ಟಲೆ ಒತ್ತಿಸಿಕೊಂಡು ಪುಟಿಯುವ ಗುಣ ಕಳೆದುಕೊಂಡಿತ್ತು. ಗ್ಯಾಸ್ ಹೋಗಿರಬೇಕು ಅಂದುಕೊಂಡೆ. ಸಣ್ಣಗೆ ಉಸ್ ಅಂತು, ಅಷ್ಟೇ. ಗುಳ್ಳೆ ಕಡಿಮೆಯಾಗಿತ್ತು, ಆದರೆ ಬಹಳ ಸಣ್ಣವು, ಬಹಳ ಹೊತ್ತು ಬಂದವು.

ಬಣ್ಣ ಅಂಚಿನಲ್ಲಿ ಇಟ್ಟಿಗೆ ಕೆಂಪಿಗೆ ತಿರುಗಿತ್ತು. ಮೊದಲ ಬಾಟಲಿ ಬರೀ ನೇರಳೆ ಹಣ್ಣಿನ ರುಚಿ, ಜೋರು ನೊರೆ. ಇದರಲ್ಲಿ ಒಣ ಅಂಜೂರ, ಚರ್ಮದ ವಾಸನೆ, ಕೊನೆಗೆ ಶಿರಾಜಿನ ಕರಿಮೆಣಸು. ಸಿಹಿ ಇತ್ತು, ಆದರೆ ಎದ್ದು ಕಾಣುತ್ತಿರಲಿಲ್ಲ. ನನಗೆ ಇದೇ ಜಾಸ್ತಿ ಇಷ್ಟವಾಯಿತು. ನನ್ನ ಹೆಂಡತಿಗೆ ಮೊದಲಿನದೇ ಚೆನ್ನಾಗಿತ್ತಂತೆ, ಇದು "ಹಳೇ ಟ್ರಂಕಿನ ವಾಸನಿ" ಅಂದಳು. ಪೂರ್ತಿ ಸುಳ್ಳೂ ಅಲ್ಲ.

ಊಟಕ್ಕೆ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಕಡಿಮೆ ಖಾರದ ಮಟನ್ ಸುಕ್ಕಾ. ಎಣಗಾಯಿಯ ಶೇಂಗಾ, ಎಳ್ಳಿನ ಜಿಡ್ಡು ಒಗರನ್ನು ಹಿಡಿದುಕೊಂಡಿತು, ಅದೇ ಒಳ್ಳೆ ಜೋಡಿ. ಮಟನ್ ಪರವಾಗಿಲ್ಲ. ರಂಜಕ ಮಾತ್ರ ಬೇಡವೇ ಬೇಡ, ಖಾರದ ಮೇಲೆ ಗುಳ್ಳೆ ಬಿದ್ದರೆ ಬಾಯಿ ಉರಿ ಹತ್ತುತ್ತದೆ. ಸುರಿಯುವಾಗ ತಳದ ಎರಡು ಬೆರಳಷ್ಟು ಗಸಿ ಬಿಟ್ಟೆ. ಅದನ್ನು ಸುಮ್ನೆ ಚೆಲ್ಲಲಿಲ್ಲ, ಸೋಸಿ ಮರುದಿನ ಉಳಿದ ಸುಕ್ಕಾಕ್ಕೆ ಹಾಕಿ ಕುದಿಸಿದೆವು.